ನೀರು ಕುಡಿದ ಬೋಟು

ಬೀದರಿನ ಸುಭದ್ರಾಬಾಯಿಗೆ ಈಜು ಬರುವುದಿಲ್ಲ. ಅರವತ್ತೊಂದನೆಯ ವಯಸ್ಸಿನಲ್ಲಿ ಅವರು ಹಳೆಯ ಹಾಯಿದೋಣಿಯ ರಿಪೇರಿಗೆ ಕೈಹಾಕಿದಾಗ ನೆಂಟರೆಲ್ಲ ಇದನ್ನೇ ನೆನಪಿಸಿದರು. ಮೂವತ್ತು ವರ್ಷ ಸರಕಾರಿ ನರ್ಸಾಗಿ ಅಳುವ ಮಕ್ಕಳಿಗೆ ಸೂಜಿ ಚುಚ್ಚಿದವರಿಗೆ ನೆಂಟರ ಗದ್ದಲ ಯಾವ ಲೆಕ್ಕ?

ದೋಣಿ ಹುಸೇನನದು. ಭಾಲ್ಕಿ ತಾಲ್ಲೂಕಿನ ಕಾರಂಜಾ ಹಿನ್ನೀರಿನಲ್ಲಿ ಮೀನು ಹಿಡಿಯುತ್ತಿದ್ದ ಆತ, ಲಸಿಕೆಯ ದಿನ ಬಲೆ ಬದಿಗಿಟ್ಟು ಸುಭದ್ರಾಬಾಯಿಯನ್ನು ಆಚೆ ದಂಡೆಯ ಊರಿಗೆ ದಾಟಿಸುತ್ತಿದ್ದ. ರಸ್ತೆ ಹಿಡಿದು ಸುತ್ತಿ ಹೋದರೆ ಲಸಿಕೆ ಡಬ್ಬಿಯ ಬರ್ಫ ಕರಗಿಹೋಗುತ್ತಿತ್ತು. ನಡುನೀರಿನಲ್ಲಿ ಗಾಳಿ ಎದ್ದು ಬಾಯಿ ಕಣ್ಣು ಮುಚ್ಚಿದಾಗೆಲ್ಲ ಆತನದು ಒಂದೇ ಮಾತು: “ನೀವು ಡಬ್ಬಿ ಹಿಡೀರಿ ಬಾಯಿ, ಬೋಟ ನಾ ಹಿಡೀತೇನಿ.” ಹದಿನೆಂಟು ವರ್ಷ ಹೀಗೆ ದಾಟಿಸಿದ. ಆ ದಂಡೆಯ ಮಕ್ಕಳು ಗಟ್ಟಿಮುಟ್ಟಾಗಿ ಓಡಾಡುವ ಪುಣ್ಯದಲ್ಲಿ ಅರ್ಧ ಹುಸೇನನದು ಎಂದು ಬಾಯಿ ಎಲ್ಲರೆದುರೂ ಹೇಳುತ್ತಾರೆ.

ಆಮೇಲೆ ಹುಸೇನನಿಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ಸೋತವು. ಹೋದ ಚಳಿಗಾಲದಲ್ಲಿ ಬಾಯಿ ನೋಡಲು ಹೋದಾಗ ಮಗಳು ರುಖ್ಸಾರ ಕಣ್ಣೀರು ಹಾಕಿದಳು. ತನ್ನ ಅಬ್ಬಾ ಎರಡು ವರ್ಷದಿಂದ ಹೊರಸು ಬಿಟ್ಟು ಏಳುವುದಿಲ್ಲ, ನೀರಿನ ಕಡೆ ಮುಖ ಮಾಡುವುದಿಲ್ಲ, ಬೋಟನ್ನು ಬೇಕರಿಯ ಭಟ್ಟಿಗೆ ಕಟ್ಟಿಗೆಯಾಗಿ ಕೊಡಲು ಒಪ್ಪಿದ್ದಾನೆ ಎಂದಳು. ಬೇಕರಿಯವರು ಮುಂದಿನ ದಸರೆಗೆ ಬರುವವರಿದ್ದರು. ಅಷ್ಟರೊಳಗೆ ಬೋಟು ತೇಲಬೇಕು, ಹುಸೇನ ಅದರಲ್ಲಿ ಕೂಡಬೇಕು ಎಂದು ಬಾಯಿ ಹಟ ಹಿಡಿದರು.

ಭಾಲ್ಕಿಯ ಬಡಿಗ ಮಕ್ಬೂಲ ಕೊಳೆತ ಹಲಗೆಗಳನ್ನು ಬದಲಿಸಿದ. ಬೀದರಿನ ಗಾಂಧಿ ಗಂಜ್ ಪೇಟೆಯಲ್ಲಿ ಲಾರಿಗೆ ಹೊದಿಸುವ ತಾಡಪತ್ರಿ ಹೊಲಿಯುವ ಕಾಶೀರಾಮ ಮಾತ್ರ ಹಾಯಿ ಎಂಬ ಮಾತು ಕೇಳಿ ತಬ್ಬಿಬ್ಬಾದ. ಅವನಿಗೆ ಗೊತ್ತಿದ್ದದ್ದು ಕೊಂಬಿನಿಂದ ಹಾಯುವ ಎತ್ತು. ಹಾಯುವುದಕ್ಕೆ ಬಟ್ಟೆ ಯಾಕೆ ಎಂದು ಕೇಳಿದ. ಬಾಯಿ ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಬರೆದು ತೋರಿಸಿದರು. ಆಮೇಲೆ ಅವನು ಹೊಲಿಗೆಯ ಮೇಲೆ ಹೊಲಿಗೆ ಹಾಕಿ ಎಂಥ ಗಾಳಿಗೂ ಜಗ್ಗದಂಥ ಹಾಯಿ ಹೊಲಿದುಕೊಟ್ಟ.

ಹಲಗೆಗಳ ನಡುವಿನ ಬಿರುಕುಗಳನ್ನು ಬಾಯಿ ತಾವೇ ತುಂಬಿದರು. ಗಾಯ ಹೊಲಿದ ಕೈ, ಇದೇನು ಮಹಾ ಎಂಬ ಧಿಮಾಕು. ಮೇ ತಿಂಗಳ ಬಿಸಿಲಿಗೆ ಬಾಯಿಬಿಟ್ಟ ಒಂದೊಂದು ಬಿರುಕಿಗೂ ಕಲ್ಲಿನಷ್ಟು ಗಟ್ಟಿಯಾಗುವ ಪುಟ್ಟಿ ತುರುಕಿ, ಮೇಲೆ ನೀಲಿ ಬಣ್ಣ ಹೊಡೆದರು. ಜುಲೈಯಲ್ಲಿ ನೀರಿಗಿಳಿಸಿದರೆ ಮೂರನೆಯ ದಿನ ಪುಟ್ಟಿಯೆಲ್ಲ ಸಿಡಿದು ಬಂದು, ಬೋಟು ಅಂಚಿನವರೆಗೆ ನೀರು ತುಂಬಿಕೊಂಡು ಕೂತಿತ್ತು. ಬಾಯಿ ದಂಡೆಯ ಮೇಲೆ ಕೂತು ಅತ್ತರು.

ರುಖ್ಸಾರ ಹೋಗಿ ತಂದೆಗೆ ಹೇಳಿದಳು. ಹುಸೇನ ಅವತ್ತು ತಾನಾಗಿಯೇ ಹೊರಸಿನಿಂದ ಕಾಲು ಕೆಳಗಿಟ್ಟ. ಮಗಳ ಹೆಗಲು ಹಿಡಿದು ಬಂದು, ಬಿರುಕಿನಲ್ಲಿ ಬೆರಳಾಡಿಸಿ ಕೇಳಿದ: “ನೀವು ಔರಾದ ಕಡಿ ಒಕ್ಕಲತನದ ಮನಿ ಮಗಳಲ್ಲೇನ್ರಿ? ಬ್ಯಾಸಗ್ಯಾಗ ಗಾಡಿ ಗಾಲಿ ಸಡಲಾದ್ರ ನಿಮ್ಮಪ್ಪ ಏನ್ ಮಾಡ್ತಿದ್ರು?”

“ನೀರಾಗ ನೆನಿ ಇಡ್ತಿದ್ರು,” ಎಂದವರೇ ಬಾಯಿ ನಾಲಿಗೆ ಕಚ್ಚಿಕೊಂಡರು. ಅಪ್ಪ ಮಾಂಜ್ರಾ ನದಿಯಲ್ಲಿ ಗಾಲಿ ಮುಳುಗಿಸಿಡುತ್ತಿದ್ದರು. ಮರ ನೀರು ಕುಡಿದು ಉಬ್ಬಿ ತಾನೇ ಬಿಗಿಯಾಗುತ್ತಿತ್ತು. ಬಾಯಿ ಬೋಟಿನ ಹಲಗೆಗಳಿಗೆ ಉಬ್ಬಲು ಜಾಗವನ್ನೇ ಬಿಟ್ಟಿರಲಿಲ್ಲ; ಅದಕ್ಕೇ ಪುಟ್ಟಿ ಸಿಡಿದಿತ್ತು. ಇದು ಒಂದು ಸೂಜಿ ಚುಚ್ಚಿದರೆ ಮುಗಿಯುವ ಕೆಲಸವಲ್ಲ, ದಿನಗಟ್ಟಲೆ ಕಾಯಬೇಕು ಎಂದು ಹುಸೇನ ನಕ್ಕ.

ಪುಟ್ಟಿ ಕೆರೆದು, ಎಣ್ಣೆ ಮತ್ತು ರಾಳದಲ್ಲಿ ಅದ್ದಿದ ಹತ್ತಿಯ ನೂಲನ್ನು ಹಗುರವಾಗಿ ತುಂಬಿದರು. ಆಮೇಲೆ ಬೋಟಿನಲ್ಲಿ ಕಲ್ಲು ಹೇರಿ ತಾವೇ ಅದನ್ನು ಮುಳುಗಿಸಿದರು. ಎಂಟು ದಿನ ಬಿಟ್ಟು ಎತ್ತಿ, ನೀರು ಚೆಲ್ಲಿ ತೇಲಬಿಟ್ಟರೆ ಮರುದಿನವೂ ಒಳಗೆ ಹನಿ ನೀರಿಲ್ಲ. ಹುಸೇನನ ಹೊರಸು ದಂಡೆಗೆ ಬಂತು. ಅಲ್ಲಿಂದಲೇ ಆತ ಗಾಳಿಯ ಲೆಕ್ಕ, ಹಗ್ಗದ ಹಿಡಿತ, ಚುಕ್ಕಾಣಿ ತಿರುಗಿಸುವ ಬಗೆ ಕಲಿಸಿದ. ಮೊದಲ ವಾರವೆಲ್ಲ ಬಾಯಿ ಗಾಣದ ಎತ್ತಿನ ಹಾಗೆ ಇದ್ದಲ್ಲೇ ಸುತ್ತಿದರು.

ದಸರೆಗೆ ಬೇಕರಿಯವರ ಟೆಂಪೊ ಬಂದಾಗ ದಂಡೆಯಲ್ಲಿ ಬೋಟಿರಲಿಲ್ಲ. ರುಖ್ಸಾರ ಅವರಿಗೆ ಚಹಾ ಕೊಟ್ಟು, ನೀರಿನ ಕಡೆ ಕೈ ತೋರಿಸಿದಳು.

ಅಲ್ಲಿ ಲಸಿಕೆಯ ಡಬ್ಬಿ ಹಿಡಿದು ಬಾಯಿ ಕೂಡುತ್ತಿದ್ದ ಜಾಗದಲ್ಲಿ ಹುಸೇನ ಕೂತಿದ್ದ. ಹಾಯಿ ತುಂಬಿ ಬೋಟು ವಾಲಿತು. ಆತನ ಬಲಗೈ ಗಾಬರಿಯಿಂದ ಚುಕ್ಕಾಣಿಯ ಕಡೆ ಚಾಚಿತು. ಚುಕ್ಕಾಣಿ ಹಿಡಿದಿದ್ದ ಬಾಯಿ ತಲೆ ಅಲ್ಲಾಡಿಸಿದರು.

“ಸುಮ್ಮ ಕೂಡ್ರಿ ಹುಸೇನಭಾಯಿ. ಬೋಟ ನಾ ಹಿಡೀತೇನಿ.”