ನಳಿಗೆಯ ಹಿಂದಿನ ತುದಿ

ನನ್ನ ಅಕ್ಕನನ್ನು ಬೀದಿಯವರೆಲ್ಲ ಸೊನ್ನೆ ಎಂದೇ ಕರೆಯುತ್ತಿದ್ದರು. ಕಬ್ಬಿಣ ತಿರುಗಿಸಿ ಕಡಿಯುವ ಲೇತಿಗೆ ಹಾಕಿದ ಬಂದೂಕಿನ ನಳಿಗೆಯನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿ, ಓರೆ ತೋರಿಸುವ ಡಯಲಿನ ಮುಳ್ಳು ಸೊನ್ನೆ ಬಿಟ್ಟು ಅಲುಗದು ಅನ್ನುವ ತನಕ ಅವಳು ಜಾಗ ಬಿಟ್ಟು ಏಳುತ್ತಿರಲಿಲ್ಲ. ಮಲಗಲು ಚಾಪೆ ಹಾಸಿದರೂ ಗೋಡೆಯಿಂದ ಅಳತೆ ಹಿಡಿಯುತ್ತಾಳೆ ಎಂದು ನಾನು ರೇಗಿಸುತ್ತಿದ್ದೆ. ಕೆಲಸ ಕಲಿಸಿದ್ದು ಅಪ್ಪ. ಅವರು ತೀರಿಕೊಂಡ ಮೇಲೆ ಲೇತು ಅಕ್ಕನ ಜೊತೆ ಭಾವನ ಬಂದೂಕು ರಿಪೇರಿ ಅಂಗಡಿ ಸೇರಿತು. ಬೇರೆ ಗತಿಯಿಲ್ಲದೆ ನಾನೂ ಸೇರಿದೆ.

ಭಾವನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಕೆಲಸ ಮಾತ್ರ ಅರ್ಧಂಬರ್ಧ. ಹೆಂಡತಿಯ ಕೈಗುಣದಿಂದ ಅಂಗಡಿ ನಡೆಯುತ್ತದೆ ಎಂದು ಗಿರಾಕಿಗಳು ಆಡಿಕೊಳ್ಳಬಾರದು. ಅದಕ್ಕಾಗಿ ಒಂದು ಕಟ್ಟಳೆ ಮಾಡಿದ್ದ. ನಳಿಗೆ ಕೂರಿಸಿ, ಮುಳ್ಳನ್ನು ಸೊನ್ನೆಗೆ ತಂದು ಸೆಂಟರ್ ಹಿಡಿಯುವುದು ಅಕ್ಕ, ಸ್ವಿಚ್ ಹಾಕಿ ಕಡಿಯುವುದು ಅವನು. ಒಮ್ಮೆ ಅವನಿಲ್ಲದಾಗ ಅಕ್ಕನೇ ಸ್ವಿಚ್ ಹಾಕಿದಳು. ಬಂದು ನೋಡಿದವನೇ ಸ್ಪ್ಯಾನರ್ ತಿರುಗಿಸಿ ಬಾಯಿಗೆ ಬಾರಿಸಿದ. ಮುಂದಿನ ಎರಡು ಹಲ್ಲು ನೆಲಕ್ಕೆ ಬಿದ್ದವು. ನಾನು ಕೈಯಲ್ಲಿ ಅರ ಹಿಡಿದುಕೊಂಡು ನಿಂತಿದ್ದೆ. ಆಮೇಲೆ ರಕ್ತ ಒರೆಸಿದೆ. ಅಷ್ಟಕ್ಕೇ ನಾನು ಲಾಯಕ್ಕು.

ಅದು ಮೊದಲನೆಯದೂ ಅಲ್ಲ, ಕೊನೆಯದೂ ಅಲ್ಲ. ಒಳಗಿನಿಂದ ಸದ್ದು ಬಂದರೆ ಎದುರಂಗಡಿಯ ಟೈಲರ್ ತನ್ನ ಮೆಷಿನನ್ನು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದ. ಅವನನ್ನು ಬೈಯುವ ಬಾಯಿ ನನಗಿಲ್ಲ.

ಆವತ್ತು ಬೆಳಿಗ್ಗೆ ಒಬ್ಬ ಮುದುಕ ತನ್ನ ತಾತನ ಕಾಲದ ಬೇಟೆ ಬಂದೂಕು ತಂದಿದ್ದ. ಉದ್ದನೆಯ, ತೆಳ್ಳನೆಯ ನಳಿಗೆ. ಲೇತಿನ ತಲೆಯ ಟೊಳ್ಳಿನೊಳಗೆ ತೂರಿಸಿದರೆ ಹಿಂದಿನಿಂದ, ಎಡಗಡೆಗೆ, ಎರಡು ಮೊಳ ಹೊರಗೆ ಚಾಚಿಕೊಂಡಿತು. ಮುಂದಿನ ತುದಿಯನ್ನು ಚಕ್ ಎಂಬ ಕಬ್ಬಿಣದ ಹಿಡಿ ಕಚ್ಚಿ ಹಿಡಿದಿರುತ್ತದೆ. ಹಿಂದಿನ ತುದಿಗೆ ಕಬ್ಬಿಣದ ಸ್ಟ್ಯಾಂಡ್ ನಿಲ್ಲಿಸಿ, ಅದರ ಬಳೆಯೊಳಗೆ ಕೂರಿಸಬೇಕು. ಇಲ್ಲದಿದ್ದರೆ ವೇಗ ಏರಿದ ಕೂಡಲೇ ನಳಿಗೆ ಬಾಗಿ ಚಾಟಿಯ ಹಾಗೆ ಬೀಸುತ್ತದೆ.

ಅಕ್ಕ ಮುಂದಿನ ತುದಿಯನ್ನು ಸೊನ್ನೆಗೆ ತಂದಳು. ನೋಡುತ್ತಿದ್ದ ಮುದುಕ, ಇಂಥ ಕೈ ಈ ಬೀದಿಯಲ್ಲಿ ಇನ್ನೊಂದಿಲ್ಲ ಎಂದು ಹೊಗಳಿದ. ಅಕ್ಕ ನಕ್ಕಳು. ಮುದುಕ ಹೊರಗೆ ಹೋಗಿದ್ದೇ ತಡ, ಸ್ಟ್ಯಾಂಡ್ ಎತ್ತಿಕೊಳ್ಳಲು ಬಗ್ಗಿದ್ದ ಅವಳ ಜಡೆಗೆ ಭಾವ ಕೈ ಹಾಕಿದ. ದರದರನೆ ಒಳಕೋಣೆಗೆ ಎಳೆದುಕೊಂಡು ಹೋದ. ಪಾತ್ರೆ ಉರುಳಿತು. ತಲೆ ಗೋಡೆಗೆ ಬಡಿದ ಸದ್ದು ನಾಲ್ಕು ಸಲ ಕೇಳಿತು. ನಾನು ಲೇತಿನ ಎಡಕ್ಕಿದ್ದ ನನ್ನ ಬೆಂಚಿನಲ್ಲಿ, ಗೋಡೆಗೆ ಮುಖ ಮಾಡಿ, ಬೋಲ್ಟೊಂದನ್ನು ಅರದಿಂದ ಉಜ್ಜುತ್ತಲೇ ಇದ್ದೆ.

ಭಾವ ಒಬ್ಬನೇ ಹೊರಬಂದ. ಅವನ ಕಣ್ಣಿಗೆ ಬೀಳಬಾರದೆಂದು ನಾನು ತಲೆ ಎತ್ತಲಿಲ್ಲ. ಸ್ಟ್ಯಾಂಡ್ ನೆಲದಲ್ಲೇ ಬಿದ್ದಿತ್ತು. ಸೆಂಟರ್ ಹಿಡಿಯುವವಳನ್ನು ಹೊಡೆದು ಬಂದವನು, ಅವಳ ಕೆಲಸ ಮುಗಿದಿದೆಯೋ ಇಲ್ಲವೋ ಎಂದು ನೋಡುವುದನ್ನು ಯಾವತ್ತೂ ಕಲಿತಿರಲಿಲ್ಲ. ಸ್ವಿಚ್ ಹಾಕಿ, ವೇಗ ಪೂರ್ತಿ ಏರಿಸಿದ.

ಲೇತು ಗುಡುಗಿತು, ನೆಲವೇ ನಡುಗಿತು. ಅಕ್ಕ ಒಳಗಿನಿಂದ ಓಡಿ ಬಂದಳು. ಒಂದು ಕಣ್ಣು ರಕ್ತದಿಂದ ಮುಚ್ಚಿಹೋಗಿತ್ತು. ದಾರಿಗೆ ಅಡ್ಡ ಇದ್ದೆನೆಂದೋ ಏನೋ, ನನ್ನನ್ನು ರಭಸದಿಂದ ತಳ್ಳಿದಳು. ನಾನು ಬೆಂಚಿನ ಕೆಳಗೆ ಬಿದ್ದೆ. ಅವಳು ಗೋಡೆಯ ಮೇನ್ ಸ್ವಿಚ್ಚಿಗೆ ಕೈ ಚಾಚಿ ಅದನ್ನು ಆರಿಸಿದಳು. ಅಷ್ಟರಲ್ಲಿ ನಳಿಗೆ ಮಡಚಿಕೊಂಡು ಬೀಸಿ ಅವಳ ಬಲಗೈಗೆ ಹೊಡೆಯಿತು. ಸ್ವಿಚ್ ಆರಿದರೂ ಲೇತು ತಕ್ಷಣ ನಿಲ್ಲಲಿಲ್ಲ. ಇನ್ನೂ ಮೂರು ಏಟು ಬಿದ್ದವು. ಗೋಡೆ, ಕ್ಯಾಲೆಂಡರ್, ನನ್ನ ಮುಖ, ಎಲ್ಲಕ್ಕೂ ರಕ್ತ ಸಿಡಿಯಿತು. ಮೊಣಕೈ ಕೆಳಗೆ ಕೈ ಅನ್ನುವಂಥದ್ದು ಉಳಿದಿರಲಿಲ್ಲ.

ಭಾವನಿಗೆ ಒಂದು ಗೀರೂ ಬಿದ್ದಿರಲಿಲ್ಲ. ಬಂದವನು ನೆಲದಲ್ಲಿ ಬಿದ್ದಿದ್ದವಳ ಪಕ್ಕೆಗೆ ಒದ್ದ.

"ಸ್ಟ್ಯಾಂಡ್ ಇಡದೆ ಎಲ್ಲಿ ಸತ್ತಿದ್ದೆ?" ಎಂದು ಕೇಳಿದ.

ಆಸ್ಪತ್ರೆಯಲ್ಲಿ ಮೊಣಕೈಯಿಂದ ಕೆಳಗೆ ಕತ್ತರಿಸಿ ತೆಗೆದರು. ಅವಳೇ ಸ್ವಿಚ್ ಹಾಕಿ ಎಡವಟ್ಟು ಮಾಡಿಕೊಂಡಳು ಎಂದು ಭಾವ ಎಲ್ಲರಿಗೂ ಹೇಳಿದ. ಇನ್ಸ್‌ಪೆಕ್ಟರ್ ವರಾಂಡದಲ್ಲಿ ಕಾಯುತ್ತಿದ್ದರು. ಅಂಗಡಿಯಲ್ಲಿದ್ದ ಸಾಕ್ಷಿ ನಾನೊಬ್ಬನೇ. ನಾನು ಹೂಂ ಅಂದರೆ ಕೇಸು ಮುಗಿಯುತ್ತಿತ್ತು, ಅಕ್ಕ ಅದೇ ಮನೆಗೆ ವಾಪಸ್ ಹೋಗಬೇಕಿತ್ತು. ಯಾರ ಮನೆಯ ಅನ್ನ ತಿನ್ನುತ್ತಿದ್ದೇನೆ ಎಂಬುದನ್ನು ಭಾವ ಬಾಗಿಲಲ್ಲೇ ನೆನಪಿಸಿದ.

ಮೊದಲು ಅಕ್ಕನ ಹತ್ತಿರ ಹೋದೆ. ನನ್ನ ಮೇಲಿನ ಸಿಟ್ಟನ್ನು ಅವಳ ಮೇಲೆ ತೀರಿಸಿಕೊಂಡೆ.

"ಅವನನ್ನ ಉಳಿಸೋಕೆ ಯಾಕೆ ಓಡಿ ಬಂದೆ? ಸಾಯ್ಲಿ ಅಂತ ಬಿಡೋಕಾಗ್ಲಿಲ್ವಾ?"

ಊದಿದ ತುಟಿ ಬಿಡಿಸಲು ಅವಳಿಗೆ ಹೊತ್ತು ಹಿಡಿಯಿತು.

"ಅವರು ಚಕ್ ಕಡೆ ಇದ್ರು ಕಣೋ, ಅವರಿಗೇನೂ ಆಗ್ತಿರ್ಲಿಲ್ಲ. ಹಿಂದಿನ ತುದಿಗೆ ಬೆನ್ನು ಹಾಕಿ ನಿಂತಿದ್ದು ನೀನು."

ಮಂಚದ ಕಂಬಿ ಹಿಡಿದುಕೊಂಡು ಅತ್ತೆ. ನಾಚಿಕೆಯಿಂದ ಅತ್ತೆ. ಅವಳು ಎಡಗೈಯಿಂದ ನನ್ನ ತಲೆ ಸವರಲು ಬಂದಾಗ ತಡೆದುಕೊಳ್ಳಲಾಗದೆ ಎದ್ದು ಹೊರಗೆ ಬಂದೆ.

ಸ್ವಿಚ್ ಹಾಕಿದ್ದು ಯಾರು ಎಂದು ಇನ್ಸ್‌ಪೆಕ್ಟರ್ ಕೇಳಿದರು. ಭಾವ ಅಲ್ಲೇ, ನನ್ನನ್ನೇ ನೋಡುತ್ತ ನಿಂತಿದ್ದ.

"ಇವರೇ ಸಾರ್," ಅಂದೆ. "ಆದ್ರೆ ಅಲ್ಲಿಂದ ಬರೀಬೇಡಿ. ಮದುವೆ ಆದ ವಾರದಿಂದ ಹೇಳ್ತೀನಿ, ಬರ್ಕೊಳ್ಳಿ."