ಕಾಫಿ ಶಾಪಿನಲ್ಲಿ ಎಳ್ಳು-ಬೆಲ್ಲ

ಸಿಂಗಾಪುರದ ಚೋವಾ ಚು ಕಾಂಗ್‌ನ ನಮ್ಮ ಬ್ಲಾಕಿನ ಕೆಳಗಿದ್ದ ಕಾಫಿ ಶಾಪ್‌ಗೆ ಬೆಳಿಗ್ಗೆ ಒಂದು ಅವತಾರ, ಸಂಜೆ ಇನ್ನೊಂದು. ಬೆಳಿಗ್ಗೆ ನಾನು ಯೂನಿಫಾರ್ಮ್ ಹಾಕಿಕೊಂಡು ಶಾಲೆಗೆ ಹೋಗುವಾಗ ಅಲ್ಲಿ ಅಜ್ಜಂದಿರು ಕಪ್ಪು ಕಾಫಿ ಕುಡಿಯುತ್ತ ಪೇಪರ್ ಓದುತ್ತಿದ್ದರು. ಸಂಜೆಯಾದರೆ ಅದೇ ಮೇಜುಗಳ ಮೇಲೆ ಬಿಯರ್ ಬಾಟಲಿ, ಐಸ್ ತುಂಬಿದ ಮಗ್ಗು, ಹುರಿದ ಕಡಲೆಕಾಯಿ ಬೀಜ. ಗೋಡೆಯ ಟಿವಿಯಲ್ಲಿ ಇಂಗ್ಲೆಂಡಿನ ಯಾವುದೋ ಊರಿನ ಫುಟ್‌ಬಾಲ್. ಆ ಊರನ್ನು ಒಮ್ಮೆಯೂ ಕಂಡಿರದ ಅಂಕಲ್‌ಗಳು ಅದು ಸೋತರೆ ಸ್ವಂತ ಮನೆ ಮುಳುಗಿದ ಹಾಗೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು.

ಈ ಸಂಜೆಯ ಅವತಾರ ಅಮ್ಮನಿಗೆ ಗೊತ್ತಿರಲಿಲ್ಲ. ಮೈಸೂರಿನಿಂದ ಬಂದು ಇನ್ನೂ ತಿಂಗಳಾಗಿರಲಿಲ್ಲ; ಕತ್ತಲಾದ ಮೇಲೆ ಅವಳು ಕೆಳಗಿಳಿದವಳೇ ಅಲ್ಲ. ಕಾಫಿ ಶಾಪ್ ಅಂದಮೇಲೆ ನಮ್ಮೂರ ದರ್ಶಿನಿಯಂಥದ್ದು, ಅಲ್ಲಿ ಇನ್ನೇನು ಕುಡಿಯುತ್ತಾರೆ ಎಂದು ಅವಳ ಲೆಕ್ಕ.

ನನಗಾಗ ಹತ್ತು ವರ್ಷ. ಮೈಸೂರಿನಲ್ಲಿ ಬಾಯಿಬಡುಕಿ ಎಂದು ಹೆಸರಾಗಿದ್ದವಳು ಇಲ್ಲಿಯ ಶಾಲೆಯಲ್ಲಿ ಒಂದು ಮಾತೂ ಆಡಿರಲಿಲ್ಲ. ಮನಸ್ಸಿನಲ್ಲಿ ನಾನು ಒಂದು ವಾಕ್ಯ ಜೋಡಿಸಿ ಮುಗಿಸುವಷ್ಟರಲ್ಲಿ ಉಳಿದವರು ಮಾತಿನ ಕೊನೆಗೆಲ್ಲ ‘ಲಾ’ ಸೇರಿಸಿಕೊಂಡು ನಾಲ್ಕು ವಿಷಯ ದಾಟಿ ಹೋಗಿರುತ್ತಿದ್ದರು. ಮೊದಲೇ ನನ್ನನ್ನು ಒಂದು ಕ್ಲಾಸು ಹಿಂದೆ ಹಾಕಿದ್ದರು. ಹೀಗೇ ಬಾಯಿ ಬಿಡದಿದ್ದರೆ ಇನ್ನೂ ಒಂದು ಕ್ಲಾಸು ಕೆಳಗೆ ಕೂರಿಸಬೇಕಾಗುತ್ತದೆ ಎಂದು ಟೀಚರ್ ಅಪ್ಪನನ್ನು ಕರೆಸಿ ಹೇಳಿದರು. ಅಷ್ಟು ಚಿಕ್ಕ ಮಕ್ಕಳ ನಡುವೆ ಕೂರುವುದು ನನಗೆ ಬೇಡವೇ ಬೇಡವಾಗಿತ್ತು.

ಅಷ್ಟರಲ್ಲಿ ಸಂಕ್ರಾಂತಿ ಬಂತು. ಅಮ್ಮ ನನಗೆ ರೇಷ್ಮೆ ಲಂಗ ತೊಡಿಸಿ, ಎಳ್ಳು-ಬೆಲ್ಲದ ಪೊಟ್ಟಣ, ಸಕ್ಕರೆ ಅಚ್ಚು, ಬಾಳೆಹಣ್ಣು ಜೋಡಿಸಿದ ತಟ್ಟೆ ಕೈಗಿತ್ತು, ಅಕ್ಕಪಕ್ಕದವರಿಗೆ ಕೊಟ್ಟು ಬರಲು ಕಳಿಸಿದಳು. ಅರ್ಧ ಬಾಗಿಲುಗಳು ತೆರೆಯಲೇ ಇಲ್ಲ. ತೆರೆದವರು ನಾನೇನೋ ಮಾರಲು ಬಂದಿದ್ದೇನೆಂದು ಕಬ್ಬಿಣದ ಗೇಟಿನ ಹಿಂದಿನಿಂದಲೇ ಕೈಯಾಡಿಸಿಬಿಟ್ಟರು. ನಾನೂ ಬಾಯಿ ಬಿಟ್ಟು ಹೇಳಿದರೆ ತಾನೆ? ತುಂಬಿದ ತಟ್ಟೆ ಹಾಗೇ ವಾಪಸ್ ಬಂತು.

"ಹಬ್ಬದ ಎಳ್ಳು ಹೀಗೆ ವಾಪಸ್ ತರಬಾರ್ದು ಪುಟ್ಟಿ," ಅಂದಳು ಅಮ್ಮ. "ಕೆಳಗೆ ಕಾಫಿ ಶಾಪಲ್ಲಿ ಜನ ಇರ್ತಾರಲ್ಲ, ಅವ್ರಿಗೆ ಕೊಟ್ಟು ಬಾ."

ಹೋದೆ. ಹಿಂದಿನ ದಿನ ಸೋತ ಆಟವನ್ನೇ ಟಿವಿಯಲ್ಲಿ ಮತ್ತೆ ಹಾಕಿದ್ದರು. ಈ ಸಲವಾದರೂ ಗೆಲ್ಲಬಹುದೇನೋ ಎಂಬಂತೆ ಅಂಕಲ್‌ಗಳು ಕೂಗುತ್ತಿದ್ದರು. ಬಿಯರ್ ವಾಸನೆ ಮೂಗಿಗೆ ಹೊಡೆಯಿತು. ತಟ್ಟೆ ಹಿಡಿದು ಮೇಜುಗಳ ನಡುವೆ ನಿಂತೆ.

"ಗರ್ಲ್, ಸೆಲ್ಲಿಂಗ್ ವಾಟ್?" ಎಂದು ಕೆಂಪು ಮುಖದ ಅಂಕಲ್ ಒಬ್ಬರು ಕೇಳಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಕಣ್ಣು ತುಂಬಿತು. ಆಗ ಪಕ್ಕದಲ್ಲಿದ್ದ ಬನಿಯನ್ ತೊಟ್ಟ ಬಡಕಲು ಅಜ್ಜ ಕೈಯೆತ್ತಿ ಚೀನೀ ಭಾಷೆಯಲ್ಲಿ ಏನೋ ಅಂದರು. ಬಾಟಲಿ ಹಂಚುತ್ತಿದ್ದ ಆಂಟಿ ರಿಮೋಟ್ ಒತ್ತಿದರು. ಟಿವಿಯ ಸದ್ದು ನಿಂತಿತು. ಕೂಗುತ್ತಿದ್ದವರೂ ಸುಮ್ಮನಾದರು. ಫ್ಯಾನುಗಳು ತಿರುಗುವ ಸದ್ದಷ್ಟೇ ಉಳಿಯಿತು.

ಅಷ್ಟೊಂದು ಜನ ದೊಡ್ಡವರು, ಮಗ್ಗು ಕೆಳಗಿಟ್ಟು, ನನ್ನ ಮಾತಿಗಾಗಿ ಕಾಯುತ್ತಿದ್ದರು. ಯಾರೂ ಅವಸರ ಮಾಡಲಿಲ್ಲ, ಯಾರೂ ನಗಲಿಲ್ಲ. ಇವತ್ತಿಗೂ ಆ ಗಳಿಗೆ ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ. ನನ್ನ ಬಾಯಿಂದ ಬರುವುದು ಕಾಯುವಷ್ಟು ಬೆಲೆಯುಳ್ಳದ್ದು ಎಂದು ಅಲ್ಲಿಯವರೆಗೆ ನನಗೆ ಯಾರೂ ತೋರಿಸಿರಲಿಲ್ಲ.

"ಟುಡೇ ಅವರ್ ಫೆಸ್ಟಿವಲ್," ಎಂದೆ. "ಯು ಈಟ್ ದಿಸ್, ದೆನ್ ನೋ ಫೈಟಿಂಗ್. ಓನ್ಲಿ ಗುಡ್ ಟಾಕಿಂಗ್."

ಕೆಂಪು ಮುಖದ ಅಂಕಲ್ ಎದುರಿನವರ ಕಡೆ ಬೆರಳು ತೋರಿಸಿ, "ಯು ಹಿಯರ್ ಆರ್ ನಾಟ್? ನೋ ಫೈಟಿಂಗ್ ಲಾ," ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಕೈಗಳು ಮುಂದೆ ಬಂದವು. ಅಜ್ಜ ನನ್ನ ಶಾಲೆ ಯಾವುದೆಂದು ಕೇಳಿದರು, ಹೇಳಿದೆ. ಅವರ ಮೊಮ್ಮಗಳೂ ಅಲ್ಲಿಯೇ ಅಂತೆ. ಸಕ್ಕರೆ ಅಚ್ಚಿನ ಕುದುರೆಯೊಂದನ್ನು ಅವರು ಅವಳಿಗೆಂದು ಟಿಶ್ಯೂ ಕಾಗದದಲ್ಲಿ ಸುತ್ತಿಟ್ಟುಕೊಂಡರು.

ನಾನು ಎಷ್ಟು ಹೊತ್ತಾದರೂ ಬರದಿದ್ದಾಗ ಅಮ್ಮ ಹುಡುಕಿಕೊಂಡು ಇಳಿದು ಬಂದಳು. ಅಲ್ಲಿ ಕಂಡದ್ದೇನು? ರೇಷ್ಮೆ ಲಂಗದ ಮಗಳು ಬಾಟಲಿಗಳ ನಡುವೆ ಕುರ್ಚಿ ಹಾಕಿಸಿಕೊಂಡು ಕೂತು ಹರಟುತ್ತಿದ್ದಾಳೆ, ದೇವರ ಮುಂದಿಟ್ಟು ತಂದ ಎಳ್ಳು-ಬೆಲ್ಲವನ್ನು ಅಂಕಲ್‌ಗಳು ಕಡಲೆಕಾಯಿ ಬೀಜದ ತಟ್ಟೆಗೆ ಸುರಿದು, ಒಂದೊಂದು ಗುಟುಕು ಬಿಯರಿಗೆ ಒಂದೊಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದಾರೆ. ಅಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡು ಕಂಬದ ಪಕ್ಕ ನಿಂತೇಬಿಟ್ಟಳು. ಈಗ ಬೈಗುಳ ಖಚಿತ ಎಂದುಕೊಂಡೆ. ಆದರೆ ಅವಳು ಬಾಟಲಿಗಳನ್ನು ನೋಡುತ್ತಿರಲಿಲ್ಲ. ನನ್ನ ಬಾಯನ್ನೇ ನೋಡುತ್ತಿದ್ದಳು.

ಅಪ್ಪ ಒನ್-ನಾರ್ತ್ ಬಡಾವಣೆಯ ಆಫೀಸಿನಿಂದ ಬಂದಾಗ ಅವಳು ಹೇಳಿದ್ದು ಇಷ್ಟೇ: "ಮಾತಾಡ್ತಿದ್ಲು ಕಣ್ರೀ."

ಮಾರನೆಯ ದಿನ ಕ್ಯಾಂಟೀನಿನಲ್ಲಿ ನನ್ನ ಕ್ಲಾಸಿನ ಹುಡುಗಿಯೊಬ್ಬಳು ಎದುರು ಬಂದು ಕೂತಳು. "ಶುಗರ್ ಹಾರ್ಸ್, ಸ್ಟಿಲ್ ಗಾಟ್ ಆರ್ ನಾಟ್?" ಸಕ್ಕರೆ ಕುದುರೆ ಇನ್ನೂ ಇದೆಯಾ ಎಂದು ಕೇಳಿದವಳು ಅಜ್ಜನ ಮೊಮ್ಮಗಳು. "ಗಾಟ್," ಎಂದೆ. ಆ ಶಾಲೆಯಲ್ಲಿ ನಾನಾಡಿದ ಮೊದಲ ಮಾತು ಅದು. ಅವಳು ಸುಮ್ಮನಿರದೆ ಹಬ್ಬದ ವಿಷಯ ಟೀಚರಿಗೆ ಹೇಳಿದಳು, ಟೀಚರ್ ನನ್ನನ್ನು ಬೋರ್ಡಿನ ಮುಂದೆ ನಿಲ್ಲಿಸಿದರು. ಹಿಂದಿನ ಸಂಜೆ ಆಡಿದ್ದ ಮಾತುಗಳನ್ನೇ ಮತ್ತೆ ಆಡಿದೆ. ಕ್ಲಾಸು ಇಳಿಸುವ ವಿಷಯ ಆಮೇಲೆ ಯಾರೂ ಎತ್ತಲಿಲ್ಲ.

ಅಲ್ಲಿಂದ ಪ್ರತಿ ಸಂಕ್ರಾಂತಿಗೂ ಅಮ್ಮ ಕಾಫಿ ಶಾಪಿಗೆಂದೇ ಬೇರೆ ಡಬ್ಬಿ ತುಂಬಿದಳು. "ಅವ್ರಿಗೆ ಕಡಲೆಕಾಯಿ ಬೀಜ ಜಾಸ್ತಿ ಹಾಕಿದೀನಿ, ಬೇಕಾಗತ್ತೆ," ಎನ್ನುತ್ತಿದ್ದಳು. ನಾನು ಶಾಲೆ ಮುಗಿಸಿದ ವರ್ಷವೂ ಡಬ್ಬಿ ಹಿಡಿದು ಇಳಿದೆ. ಅಷ್ಟು ಹೊತ್ತಿಗೆ ನಾನು ಶಾಲೆಯ ಡಿಬೇಟ್ ತಂಡದಲ್ಲಿ ಎದುರಾಳಿಗೆ ಬಾಯಿ ಹಾಕಲು ಬಿಡದವಳು ಎಂದು ಹೆಸರು ಪಡೆದಿದ್ದೆ. ಟಿವಿ ದೊಡ್ಡದಾಗಿತ್ತು, ಆಟ ಜೋರಾಗಿತ್ತು, ಕೆಂಪು ಮುಖದ ಅಂಕಲ್ ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡದ್ದೇ ಬಡಕಲು ಅಜ್ಜ ನಡುಗುವ ಕೈಯೆತ್ತಿದರು. ಆಂಟಿ ರಿಮೋಟ್ ಒತ್ತಿದರು. ಎಲ್ಲರೂ ಮಗ್ಗು ಕೆಳಗಿಟ್ಟು ನನ್ನ ಕಡೆ ತಿರುಗಿ ಕಾದರು.

ಡಿಬೇಟ್ ತಂಡದ ಬಾಯಾಳಿ ಮೊದಲ ಪದಕ್ಕಾಗಿ ತಡಕಾಡಿದಳು. ಅವರು ಕಾಯುತ್ತಲೇ ಇದ್ದರು.