ಬಲಗೈ ಮಾತ್ರ ಕಾಣುವ ಯಂತ್ರ

ಹಾಡಿಲ್ಲದ ಕುಣಿತಕ್ಕೂ ಒಂದು ಸದ್ದಿರುತ್ತದೆ. ಧಪ್, ಧಪ್, ಜರ್‍ರ್, ಮತ್ತೆ ಧಪ್. ಪಾರ್ಕ್ ರಾಯಲ್‌ನಲ್ಲಿ ನಮ್ಮ ಸ್ಟುಡಿಯೋ ಇದ್ದದ್ದು ಒಂದು ಕಾಲದಲ್ಲಿ ಬಿಸ್ಕತ್ತಿನ ಗೋದಾಮಾಗಿದ್ದ ಕಟ್ಟಡದಲ್ಲಿ. ಮೇಲಿನ ಮಹಡಿಯಲ್ಲಿ ಡಾನ್ಸರ್‌ಗಳು ಇಯರ್‌ಪೀಸ್‌ನಲ್ಲಿ ಹಾಡು ಕೇಳುತ್ತ ಕ್ಯಾಮೆರಾ ಮುಂದೆ ಕುಣಿಯುತ್ತಿದ್ದರು. ಕೆಳಗೆ ಕೂತ ನನಗೆ ಬರೀ ಕಾಲುಗಳ ಸದ್ದು ಕೇಳುತ್ತಿತ್ತು. ಈಗಲೂ ಎಜ್‌ವೇರ್‌ನ ನನ್ನ ಫ್ಲಾಟಿನಲ್ಲಿ ಮೇಲಿನವರು ಕುರ್ಚಿ ಎಳೆದರೆ, ಒಂದು ಕ್ಷಣ ಶೂಟಿಂಗ್ ಶುರುವಾಯಿತೇನೋ ಎಂದು ತಲೆ ಎತ್ತುತ್ತೇನೆ.

ನಾನು ಅಲ್ಲಿ ಫೋರ್ಕಾಸ್ಟಿಂಗ್ ಮ್ಯಾನೇಜರ್. ರಿಟೈರ್ ಆಗಲು ಎರಡು ವರ್ಷ ಬಾಕಿ ಇದ್ದಾಗಿನ ಮಾತು ಇದು. ನಮ್ಮ ಕಂಪನಿ ವರ್ಷಕ್ಕೊಂದು ಡಾನ್ಸ್ ವೀಡಿಯೊ ಗೇಮ್ ಹೊರತರುತ್ತಿತ್ತು. ಟೀವಿಯೊಳಗಿನ ಡಾನ್ಸರನ್ನು ನೋಡಿ ಮನೆಯಲ್ಲಿ ಹಾಗೆಯೇ ಕುಣಿದರೆ ಯಂತ್ರ ಅಂಕ ಕೊಡುತ್ತದೆ. ಎಷ್ಟು ಡಿಸ್ಕ್ ಹೋದೀತು, ತಯಾರಿಗೆ ಎಷ್ಟು ಖರ್ಚಾದೀತು ಎಂದು ಮೊದಲೇ ಹೇಳುವುದು ನನ್ನ ಕೆಲಸ. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಡೆಬಿಟ್, ಕ್ರೆಡಿಟ್ ಚೆನ್ನಾಗಿಯೇ ಕಲಿಸಿದ್ದರು. ಕುಣಿತಕ್ಕೆ ಬೆಲೆ ಕಟ್ಟುವುದನ್ನು ಕಲಿಸಿರಲಿಲ್ಲ. ಪಾಪ, ಅವರು ಕುಣಿಯಲಿಕ್ಕೇ ಬಿಡುತ್ತಿರಲಿಲ್ಲ.

ಈ ಧಂದೆಯ ಕಷ್ಟ ಏನೆಂದರೆ, ಈ ವರ್ಷದ ಗೇಮ್ ಅಂಗಡಿಗೆ ಬರುವ ಮೊದಲೇ ಮುಂದಿನ ವರ್ಷದ್ದಕ್ಕೆ ಒಪ್ಪಿಗೆ ಪಡೆಯಬೇಕು. ಆ ಮೀಟಿಂಗಿಗೆ ಗ್ರೀನ್‌ಲೈಟ್ ಎನ್ನುತ್ತಿದ್ದೆವು, ಅದು ಸೆಪ್ಟೆಂಬರ್‌ನಲ್ಲಿ. ಆ ಸಲ ಪ್ರಶ್ನೆ ಇದ್ದದ್ದು ಹಳೆಯ ಕನ್ಸೋಲಿನದು. ಕೈಯಲ್ಲಿ ರಿಮೋಟ್ ಹಿಡಿದು ಆಡುವ ಆ ಯಂತ್ರಕ್ಕೆ ಆಗಲೇ ವಯಸ್ಸಾಗಿತ್ತು. ಹೊಸ ಯಂತ್ರಗಳು ಬಂದಿದ್ದವು. ಹಳೆಯದಕ್ಕೂ ಗೇಮ್ ಮಾಡುತ್ತ ಕೂರುವುದು ದಂಡ ಎಂಬುದು ನಮ್ಮ ಹಣಕಾಸು ನಿರ್ದೇಶಕ ನೀಲ್‌ನ ವಾದ. ಇಂಟರ್ನೆಟ್ಟಿಗೆ ಕನೆಕ್ಟ್ ಆಗುವ ಹಳೆಯ ಯಂತ್ರಗಳ ಸಂಖ್ಯೆ ಮೂರು ವರ್ಷದಿಂದ ಬೀಳುತ್ತಲೇ ಇತ್ತು. ನನ್ನ ಕರಡು ಅಂದಾಜೂ ಅವನ ಪರವೇ ಇತ್ತು.

ಹಳೆಯ ಕನ್ಸೋಲ್ ಹೋದರೆ ಗಿರಿಜಾಳ ಕೆಲಸವೂ ಹೋಗುತ್ತಿತ್ತು. ಧಾರವಾಡದವಳು, ಐವತ್ತು ದಾಟಿದ ಡಾನ್ಸರ್, ಮಂಡಿ ಸವೆದಿತ್ತು. ಹಳೆಯ ಯಂತ್ರಕ್ಕೆ ಕಾಣುವುದು ರಿಮೋಟ್ ಹಿಡಿದ ಬಲಗೈ ಮಾತ್ರ. ಸೊಂಟ, ಕಾಲು, ಎಡಗೈ ಏನು ಮಾಡಿದರೂ ಅದಕ್ಕೆ ಗೊತ್ತಾಗದು. ಹಾಗಾಗಿ ಪ್ರತಿ ಕುಣಿತದ ಜೀವವನ್ನೂ ಬಲಗೈಗೆ ತಂದು ಕೂರಿಸಬೇಕಿತ್ತು. ಆ ಕೆಲಸ ಅವಳದು. ಅವಳ ಕಾಂಟ್ರಾಕ್ಟು ವರ್ಷ ವರ್ಷವೂ ಗೇಮಿನ ಜೊತೆಗೇ ಹೊಸದಾಗುತ್ತಿತ್ತು.

ಒಂದು ದಿನ ಲಿಫ್ಟಿನಲ್ಲಿ ಸಿಕ್ಕಳು.

“ಅಕ್ಕಾರ, ಈ ಸಲಾ ನಮ್ದು ಗಂಟು ಮೂಟಿ ಕಟ್ಟೂದ ಖರೆ ಏನ್ರಿ?”

“ಮೀಟಿಂಗ್ ಇನ್ನೂ ಆಗಲಿಲ್ಲ ಗಿರಿಜಾ.”

“ಆಗೂದೇನೈತ್ರಿ? ನಿಮ್ಮ ಮುಖಾ ನೋಡಿದ್ರ ಗೊತ್ತಾಗ್ತೈತಿ. ನನ್ನ ವಯಸ್ಸಿನಾಕಿನ್ನ ಇನ್ಯಾ ಸ್ಟುಡಿಯೋದವ್ರು ಕರೀತಾರ ಬಿಡ್ರಿ.”

ಭಾನುವಾರ ನಮ್ಮ ಮೊಂತಿ ಫೆಸ್ಟಿನ ಊಟಕ್ಕೆ ಬಾ ಎಂದುಬಿಟ್ಟೆ. ಮಾತೆ ಮರಿಯಮ್ಮನ ಹುಟ್ಟುಹಬ್ಬ, ನಮಗೆ ಹೊಸ ತೆನೆಯ ಹಬ್ಬ. ಎಜ್‌ವೇರ್‌ನ ಚರ್ಚ್ ಹಾಲಿನಲ್ಲಿ, ಕಡಲಾಚೆ ಬಂದು ನೆಲೆಸಿದ ಕರಾವಳಿಯ ಕುಟುಂಬಗಳೆಲ್ಲ ಸೇರುತ್ತಿದ್ದೆವು.

“ಅಯ್ಯ, ನಿಮ್ಮ ಕಡೆ ಊಟಾ ಅಂದ್ರ ಮೀನಾ ಗೀನಾ…”

“ಆ ಒಂದು ದಿನ ನಾವೂ ಪೂರಾ ವೆಜ್ ಮಾರಾಯ್ತಿ. ಧೈರ್ಯದಲ್ಲಿ ಬಾ.”

ಬಂದಳು. ತೆನೆಯ ಅಕ್ಕಿ ಹಾಕಿದ ಪಾಯಸ ಕುಡಿದಳು, ಪತ್ರೊಡೆಯನ್ನು ಎರಡು ಸಲ ಹಾಕಿಸಿಕೊಂಡಳು. ಊಟ ಮುಗಿದ ಮೇಲೆ ಯಾರೋ ಹಾಲಿನ ಪ್ರೊಜೆಕ್ಟರಿಗೆ ಹಳೆಯ ಕನ್ಸೋಲ್ ಜೋಡಿಸಿದರು. ನಮ್ಮದೇ ಗೇಮ್! ಲಿಲ್ಲಿ ಬಾಯಿ ಎಂಬ ಎಂಬತ್ತರ ಹತ್ತಿರದ ಹೆಂಗಸು, ಎರಡೂ ಮೊಣಕಾಲು ಆಪರೇಶನ್ ಆದವರು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೇ ರಿಮೋಟ್ ಹಿಡಿದರು. ಪಕ್ಕದಲ್ಲಿ ಹತ್ತು ವರ್ಷದ ಮೊಮ್ಮಗಳು ಬೆವರು ಸುರಿಸಿ ಕುಣಿದಳು. ಲಿಲ್ಲಿ ಬಾಯಿ ಸಾರಿಗೆ ಒಗ್ಗರಣೆ ಹಾಕುವವರ ಹಾಗೆ ಬಲಗೈ ಒಂದನ್ನೇ ಆಡಿಸಿದರು. ಹಾಡು ಮುಗಿದಾಗ ಗೆದ್ದದ್ದು ಅವರೇ.

“ಗ್ರ್ಯಾನಿ, ದಟ್ಸ್ ಚೀಟಿಂಗ್! ಯು ಡಿಡಂಟ್ ಈವನ್ ಸ್ಟ್ಯಾಂಡ್ ಅಪ್!” ಹುಡುಗಿ ಕಿರುಚಿದಳು.

ಗಿರಿಜಾ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು. “ನೋಡ್ರಿ ಅಕ್ಕಾರ! ಮಂದೀನ ಕುಣಿಸಬೇಕಂತ ನಾ ಆರು ತಿಂಗಳ ಜೀವಾ ತೇಯ್ದೀನಿ. ಈ ಅಜ್ಜಿ ಕುಂತ ಕುಂತ ಗೆದ್ದಬಿಟ್ಲು!” ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಯಂತ್ರ ಯಾರದೆಂದು ಲಿಲ್ಲಿ ಬಾಯಿಯನ್ನು ಕೇಳಿದೆ.

“ನನ್ನದೇ. ಮಗನಲ್ಲಿಗೆ ಹೊಸದು ಬಂತು, ಹಳೆಯದು ನನ್ನಲ್ಲಿಗೆ ಬಂತು. ಕ್ರಿಸ್ಮಸ್ಸಿಗೆ ಆ ವರ್ಷದ ಡಿಸ್ಕ್ ನಾನೇ ತರುವುದು. ಇಲ್ಲದಿದ್ದರೆ ಈ ಮಹಾರಾಣಿ ನನ್ನ ಫ್ಲಾಟಿಗೆ ಕಾಲು ಹಾಕುವುದುಂಟಾ?”

“ಇಂಟರ್ನೆಟ್ ಉಂಟಾ ಬಾಯಿ ಮನೆಯಲ್ಲಿ?”

“ಅದು ಎಂತಕ್ಕೆ? ಕುಣಿಯಲಿಕ್ಕಾ?”

ಸುತ್ತ ನಾಲ್ಕಾರು ಅಜ್ಜಿಯರು ತಮ್ಮಲ್ಲೂ ಹಾಗೆಯೇ ಎಂದರು. ನಾವು ಸತ್ತವು ಎಂದುಕೊಂಡಿದ್ದ ಯಂತ್ರಗಳು ಮನೆ ಬದಲಿಸಿದ್ದವು, ಅಷ್ಟೆ. ಇಂಟರ್ನೆಟ್ ಇಲ್ಲದ ಮನೆಗೆ ಹೋದದ್ದು ನಮ್ಮ ಲೆಕ್ಕದಿಂದ ಮಾಯವಾಗಿತ್ತು.

ಆದರೆ ಒಂದು ಚರ್ಚ್ ಹಾಲಿನ ಅಜ್ಜಿಯರನ್ನು ನಂಬಿ ಫೋರ್ಕಾಸ್ಟ್ ಬದಲಿಸಲಾಗದು. ಸೋಮವಾರ ಅಂಗಡಿಗಳಿಂದ ಬರುವ ವಾರವಾರದ ಮಾರಾಟವನ್ನು ಮತ್ತೆ ತೆಗೆದು ನೋಡಿದೆ. ನಮ್ಮ ಪದ್ಧತಿಯಲ್ಲಿ ಬಿಡುಗಡೆಯ ಮೊದಲ ಕೆಲವು ವಾರಗಳ ಮಾರಾಟವನ್ನು ಒಂದು ಗುಣಕದಿಂದ ಗುಣಿಸಿ ವರ್ಷದ ಅಂದಾಜು ತೆಗೆಯುತ್ತಿದ್ದೆವು. ಉತ್ಸಾಹಿಗಳು ಕೊಳ್ಳುವ ಹೊಸ ಯಂತ್ರಗಳಿಗೆ ಅದು ಸರಿ. ಹಳೆಯದರಲ್ಲಿ ಮೊದಲ ವಾರಗಳು ಸಪ್ಪೆ. ಡಿಸೆಂಬರ್ ಬಂದಾಗ ಮಾತ್ರ ಸೂಪರ್‌ಮಾರ್ಕೆಟ್‌ಗಳಲ್ಲಿ, ಆಟಿಕೆಗಳ ಪಕ್ಕದಲ್ಲಿ, ರಿಯಾಯಿತಿ ಇಲ್ಲದೆಯೇ ಮಾರಾಟ ಏರುತ್ತಿತ್ತು. ಹಿಂದಿನ ಎರಡು ವರ್ಷವೂ ಅದೇ ಕಥೆ.

ಖರ್ಚಿನ ಕಡೆಯೂ ತಿರುಗಿ ನೋಡಿದೆ. ಹಾಡಿನ ಲೈಸೆನ್ಸ್, ಶೂಟಿಂಗ್ ಎಲ್ಲವನ್ನೂ ಎಲ್ಲಾ ಕನ್ಸೋಲುಗಳ ಮೇಲೆ ಸಮವಾಗಿ ಹಂಚುತ್ತಿದ್ದೆವು. ಹಳೆಯದು ನಷ್ಟದಲ್ಲಿ ಕಂಡದ್ದು ಅದರಿಂದಲೇ. ಅದನ್ನು ಕೈಬಿಟ್ಟರೂ ಹಾಡಿಗೆ ಕೊಡುವುದು ಕೊಡಲೇಬೇಕಲ್ಲ! ನಿಜವಾಗಿ ಉಳಿತಾಯವಾಗುವುದು ಗಿರಿಜಾಳ ಪುಟ್ಟ ತಂಡ, ಟೆಸ್ಟಿಂಗ್ ಮತ್ತು ಡಿಸ್ಕ್ ಅಚ್ಚು ಹಾಕಿಸುವ ಖರ್ಚು ಮಾತ್ರ. ಇದಕ್ಕೆ ಇನ್‌ಕ್ರಿಮೆಂಟಲ್ ಕಾಸ್ಟ್ ಎನ್ನುತ್ತಾರೆ. ಹಬ್ಬದ ಅಡುಗೆ ಹೇಗೂ ಆಗಿರುತ್ತದೆ, ಇನ್ನೊಂದು ಎಲೆ ಹಾಕುವ ಖರ್ಚೆಷ್ಟು ಎಂಬುದೇ ಪ್ರಶ್ನೆ.

ಮೀಟಿಂಗಿನಲ್ಲಿ ನೀಲ್ ಎಲ್ಲವನ್ನೂ ಕೇಳಿಸಿಕೊಂಡು ಕನ್ನಡಕ ತೆಗೆದ. “ಫ್ಲೋರಿನ್, ನಮ್ಮ ಗಿರಾಕಿ ಕುರ್ಚಿಯಲ್ಲಿ ಕೂತ ಅಜ್ಜಿ ಅಂತೀರಾ?”

“ಹೌದು ನೀಲ್. ಪರ್ಸ್ ಇರುವುದು ಅವಳ ಮಡಿಲಲ್ಲೇ.”

ಯಾರೋ ನಕ್ಕರು. ನೀಲ್ ನಗಲಿಲ್ಲ. ನನ್ನ ಗ್ರಾಫಿನಲ್ಲಿ ಡಿಸೆಂಬರಿಗೆ ಏರಿದ ಗೆರೆಯ ಮೇಲೆ ಬೆರಳಾಡಿಸಿ, “ಒಂದು ವರ್ಷ. ಒಂದೇ,” ಎಂದ.

ಸುದ್ದಿ ಹೇಳಲು ಮೇಲೆ ಹೋದಾಗ ಗಿರಿಜಾ ಮರದ ನೆಲದ ಮೇಲೆ ಕಾಲು ಚಾಚಿ ಮಂಡಿಗೆ ಐಸ್ ಒತ್ತಿಕೊಂಡಿದ್ದಳು. “ಹಂಗಾರ ಈ ಸಲಾ ಕುಂತು ಆಡೋರಿಗೂ ಛಲೋ ಆಗೂಹಂಗ ಮಾಡ್ತೀನ್ರಿ,” ಎಂದಳು. ಹಾಗೆಯೇ ಮಾಡಿದಳು. ಪ್ರತಿ ಹಾಡಿನ ಕೊನೆಗೂ ಬಲಗೈ ಮೇಲೆತ್ತಿ ನಿಲ್ಲುವ ಭಂಗಿ ಇಟ್ಟಳು. ಕೂತವರೂ ನಿಂತವರೂ ಒಂದೇ ಹಾಗೆ ಮುಗಿಸಲಿ ಎಂದು.

ಆ ಡಿಸ್ಕ್ ಕ್ರಿಸ್ಮಸ್ಸಿಗೆ ನಾನು ಹೇಳಿದ್ದಕ್ಕಿಂತ ತುಸು ಹೆಚ್ಚೇ ಹೋಯಿತು. ಆದರೂ ಅದೇ ಕೊನೆಯದು. ಯಂತ್ರ ಮಾಡಿದ ಕಂಪನಿಯೇ ಅದಕ್ಕೆ ಹೊಸ ಡಿಸ್ಕುಗಳನ್ನು ಒಪ್ಪುವುದನ್ನು ನಿಲ್ಲಿಸಿತು. ಗಿರಿಜಾಳ ಕೆಲಸ ಹೋಯಿತು, ಕೆಲವು ತಿಂಗಳಲ್ಲಿ ನಾನೂ ರಿಟೈರ್ ಆದೆ. ಅಷ್ಟು ವರ್ಷದ ನೌಕರಿಯಲ್ಲಿ ನಾನು ಕಲಿತದ್ದು ಇಷ್ಟೇ: ಲೆಕ್ಕದಲ್ಲಿ ಕಾಣದವರನ್ನು ಇಲ್ಲವೆಂದು ಬರೆಯುವ ಮೊದಲು, ಅವರು ಎಲ್ಲಿ ಕೂತಿದ್ದಾರೆ ಎಂದು ಹೋಗಿ ನೋಡಬೇಕು.

ಗಿರಿಜಾಳನ್ನು ಕೊನೆಯ ಸಲ ನೋಡಿದ್ದು ಅಕ್ಸ್‌ಬ್ರಿಡ್ಜ್ ಸ್ಟೇಷನ್ನಿನಲ್ಲಿ. ಅಲ್ಲಿನ ಡೇ ಸೆಂಟರಿನಲ್ಲಿ ವಯಸ್ಸಾದವರಿಗೆ ಕುರ್ಚಿ ವ್ಯಾಯಾಮ ಹೇಳಿಕೊಡುತ್ತಿದ್ದಳು. “ಲಿಲ್ಲಿ ಬಾಯಿ ಕೊಡಿಸಿದ ನೌಕರಿ ಇದು ಅಕ್ಕಾರ,” ಎಂದು ನಕ್ಕಿದ್ದಳು. ನನ್ನ ಟ್ಯೂಬ್ ರೈಲು ಹೊರಟಿತು. ಕಿಟಕಿಯಿಂದ ಕೈ ಬೀಸಿದೆ. ಅವಳ ಬಲಗೈಯಲ್ಲಿ ತರಕಾರಿಯ ಭಾರದ ಚೀಲವಿತ್ತು, ಎಡಗೈ ಖಾಲಿಯೇ ಇತ್ತು. ಚೀಲವನ್ನು ಎಡಗೈಗೆ ಬದಲಿಸಿಕೊಂಡು, ಬಲಗೈಯನ್ನು ಮೇಲೆತ್ತಿ, ಗಾಡಿ ದಾಟುವವರೆಗೂ ಹಾಗೆಯೇ ನಿಂತಳು.